ಹಳೆಯ ಫಾರ್ಚೂನರ್‌ನ ಹೊಸ ಬಿಲ್ಲುಗಳು

ದೊಡ್ಡ ಎಸ್‌ಯುವಿಗಳು ಹಳೆಯದಾದಂತೆ ಅಗ್ಗವಾಗುತ್ತವೆ, ಅವುಗಳ ರಿಪೇರಿ ಮಾತ್ರ ಅಗ್ಗವಾಗುವುದಿಲ್ಲ. ಯಾವ ಭಾಗ ಯಾಕೆ ಕೆಡುತ್ತದೆ, ಎಷ್ಟು ಖರ್ಚಾಗುತ್ತದೆ, ಕೊಳ್ಳುವ ಮುನ್ನ ಏನು ನೋಡಬೇಕು?

2009ರ ಆಗಸ್ಟ್‌ನಲ್ಲಿ ಟೊಯೊಟಾ ಫಾರ್ಚೂನರ್ ಭಾರತದ ಮಾರುಕಟ್ಟೆಗೆ ಬಂದಾಗ ಅದರ ಶೋರೂಂ ಬೆಲೆ ಹದಿನೆಂಟೂವರೆ ಲಕ್ಷ ರೂಪಾಯಿಯ ಆಸುಪಾಸಿನಲ್ಲಿತ್ತು. ತೆರಿಗೆ, ವಿಮೆ ಸೇರಿದರೆ ಇಪ್ಪತ್ತು ಲಕ್ಷ ದಾಟುತ್ತಿತ್ತು. ಬಿಡದಿಯ ಕಾರ್ಖಾನೆಯಿಂದ ಹೊರಬಂದ ಗಾಡಿಗಳು ಗುತ್ತಿಗೆದಾರರ, ರಾಜಕಾರಣಿಗಳ, ಕಾಫಿ ತೋಟದ ಸಾಹುಕಾರರ ಅಂಗಳ ಸೇರಿದವು. ಬಿಳಿ ಬಣ್ಣದ ಫಾರ್ಚೂನರ್ ನಿಂತಿದ್ದರೆ ಅದು ಊರಿನ ಯಾವುದೋ ಮುಖಂಡರ ಮನೆ ಎಂದು ದಾರಿಹೋಕರೂ ಊಹಿಸುವ ಕಾಲ ಬಂತು.

ಅದೇ ಗಾಡಿಗಳು ಈಗ ಮೂರನೆಯವರ, ನಾಲ್ಕನೆಯವರ ಕೈಗೆ ದಾಟುತ್ತಿವೆ. ಎರಡು ಲಕ್ಷ ಕಿ.ಮೀ. ಓಡಿದ 2010-13ರ ಸಾಲಿನ ಗಾಡಿಯೊಂದು ಸ್ಥಿತಿಗೆ ತಕ್ಕಂತೆ ಏಳೆಂಟು ಲಕ್ಷದಿಂದ ಹನ್ನೆರಡು ಲಕ್ಷದವರೆಗೆ ಮಾತಾಗುತ್ತದೆ. ಹೊಸ ಡೀಸೆಲ್ ಫಾರ್ಚೂನರ್ ಬೆಂಗಳೂರಿನಲ್ಲಿ ರಸ್ತೆಗಿಳಿಯುವ ಹೊತ್ತಿಗೆ ನಲವತ್ತು ಲಕ್ಷ ದಾಟಿರುತ್ತದೆ. ಹೀಗಿರುವಾಗ ಒಂದು ಹೊಸ ಸಣ್ಣ ಕಾರಿನ ದುಡ್ಡಿಗೆ ಎರಡು ಟನ್ ತೂಕದ, ಏಳು ಸೀಟಿನ, ನಾಲ್ಕೂ ಚಕ್ರಕ್ಕೆ ಬಲ ಹರಿಯುವ ಗಾಡಿ ಸಿಗುತ್ತದೆ ಎಂದರೆ ಯಾರ ಮನಸ್ಸೂ ಜಾರುತ್ತದೆ. ತೋಟವಿರುವವರಿಗೆ, ಘಟ್ಟದ ದಾರಿಯಲ್ಲಿ ಓಡಾಡುವವರಿಗೆ, ದೊಡ್ಡ ಕುಟುಂಬದವರಿಗೆ ಇದು ಬರಿಯ ಶೋಕಿಯೂ ಅಲ್ಲ.

ಗಾಡಿಯ ಬೆಲೆ ಏಳೆಂಟು ಲಕ್ಷಕ್ಕೆ ಇಳಿದರೂ ಅದರ ಇಂಜೆಕ್ಟರ್, ಟರ್ಬೊ, ಟೈರು ಇಪ್ಪತ್ತು ಲಕ್ಷದ ಗಾಡಿಯವೇ. ಆ ಬೆಲೆಗಳು ವರ್ಷ ಕಳೆದಂತೆ ಇಳಿಯುವ ಬದಲು ಏರುತ್ತ ಹೋಗಿವೆ. ಒಂದು ಸಲದ ಆಯಿಲ್ ಬದಲಾವಣೆಯನ್ನೇ ನೋಡಿ. ಸಣ್ಣ ಪೆಟ್ರೋಲ್ ಕಾರಿಗೆ ಮೂರ್ನಾಲ್ಕು ಲೀಟರ್ ಸಾಕು, ಇದಕ್ಕೆ ಏಳು ಲೀಟರ್ ಬೇಕು. ಟೈರಿನ ಅಳತೆ 265/65 ಆರ್17; ಒಳ್ಳೆಯ ಕಂಪನಿಯದಾದರೆ ಒಂದಕ್ಕೇ ಹನ್ನೆರಡರಿಂದ ಹದಿನೆಂಟು ಸಾವಿರ. ಕೊಳ್ಳುವಾಗ ಐವತ್ತು ಸಾವಿರಕ್ಕೆ ಚೌಕಾಸಿ ಮಾಡಿದವರು ಮೊದಲ ವರ್ಷದಲ್ಲೇ ಅದರ ಮೂರು ಪಟ್ಟನ್ನು ಗ್ಯಾರೇಜಿಗೆ ಕೊಡುವುದು ಹೀಗೆ.

ಈ ಗಾಡಿಗಳ ಕಾಯಿಲೆಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಲಕ್ಷದ ಬಿಲ್ಲುಗಳ ಪೈಕಿ ಹೆಚ್ಚಿನವು ಹುಟ್ಟುವುದು ನೂರರ, ಸಾವಿರದ ಲೆಕ್ಕದ ಯಾವುದೋ ಭಾಗವನ್ನು ಹೊತ್ತಿಗೆ ಬದಲಿಸದೇ ಬಿಟ್ಟಿದ್ದರಿಂದ. ಹಾಗಾಗಿ ಹಳೆಯ ಎಸ್‌ಯುವಿಯ ವಯಸ್ಸಿಗಿಂತ, ಮೀಟರ್ ತೋರಿಸುವ ಅಂಕಿಗಿಂತ, ಹಿಂದಿನ ಮಾಲೀಕರು ಆ ಸಣ್ಣ ಖರ್ಚುಗಳನ್ನು ಮಾಡಿದ್ದರೋ ಇಲ್ಲವೋ ಎಂಬುದೇ ಮುಖ್ಯ.

ತಾಮ್ರದ ವಾಷರ್‌ನಿಂದ ಎಂಜಿನ್‌ವರೆಗೆ

ಮೊದಲ ತಲೆಮಾರಿನ ಫಾರ್ಚೂನರ್‌ನ ಬಾನೆಟ್ ಕೆಳಗಿರುವುದು 1ಕೆಡಿ-ಎಫ್‌ಟಿವಿ ಎಂಬ 2,982 ಸಿಸಿಯ ನಾಲ್ಕು ಸಿಲಿಂಡರ್ ಡೀಸೆಲ್ ಎಂಜಿನ್. 171 ಪಿಎಸ್ ಶಕ್ತಿ, 343 ನ್ಯೂಟನ್ ಮೀಟರ್ ಟಾರ್ಕ್. ಟೊಯೊಟಾದ ಹೈಲಕ್ಸ್ ಮತ್ತು ಪ್ರಾಡೊಗಳ ಮೂಲಕ ಆಸ್ಟ್ರೇಲಿಯಾದಿಂದ ಆಫ್ರಿಕಾದವರೆಗೆ ದುಡಿದ ಎಂಜಿನ್ ಇದು. ಸರಿಯಾಗಿ ನೋಡಿಕೊಂಡರೆ ನಾಲ್ಕೈದು ಲಕ್ಷ ಕಿ.ಮೀ. ಓಡುವುದು ಇದಕ್ಕೆ ದೊಡ್ಡ ಮಾತಲ್ಲ. ನೋಡಿಕೊಳ್ಳದಿದ್ದರೆ ಅದರ ಅರ್ಧಕ್ಕೇ ಕುಸಿಯುತ್ತದೆ.

ಇದರ ಪ್ರಸಿದ್ಧ ಕಾಯಿಲೆ ಶುರುವಾಗುವುದು ಇಂಜೆಕ್ಟರ್‌ನ ಬುಡದಲ್ಲಿ. ನಮ್ಮ ಹಳೆಯ ಮೆಕ್ಯಾನಿಕ್‌ಗಳು ಈಗಲೂ ‘ನಾಝಲ್’ ಎಂದೇ ಕರೆಯುವ ಈ ಭಾಗ ಸಿಲಿಂಡರ್ ಹೆಡ್‌ನಲ್ಲಿ ಕೂರುವ ಜಾಗಕ್ಕೆ ಒಂದು ತಾಮ್ರದ ವಾಷರ್ ಇದೆ. ಕೆಳಗೆ ಡೀಸೆಲ್ ಉರಿಯುವಾಗ ಹುಟ್ಟುವ ಒತ್ತಡ ಮೇಲಕ್ಕೆ ನುಗ್ಗದಂತೆ ತಡೆಯುವುದು ಅದರ ಕೆಲಸ. ಬಿಸಿ ಮತ್ತು ಅದುರುವಿಕೆಗೆ ಸಿಕ್ಕಿ ವರ್ಷಗಳ ನಂತರ ವಾಷರ್ ಸವೆಯುತ್ತದೆ. ಉರಿದ ಅನಿಲ ಸಂದಿಯಿಂದ ನುಸುಳಿ ಹೆಡ್ ಕವರಿನ ಒಳಗೆ ಸೇರುತ್ತದೆ. ಅಲ್ಲಿರುವ ಆಯಿಲ್ ಸುಟ್ಟು, ಡಾಂಬರಿನಂಥ ಕರಿ ಕಟ್ಟುತ್ತದೆ. ಆ ಕರಿಯ ಚೂರುಗಳು ಆಯಿಲ್ ಜೊತೆ ಕೆಳಗಿನ ಆಯಿಲ್ ತೊಟ್ಟಿಗೆ, ಅಂದರೆ ಸಂಪ್‌ಗೆ ಇಳಿಯುತ್ತವೆ.

ಸಂಪಿನಿಂದ ಆಯಿಲ್ ಹೀರುವ ಕೊಳವೆಯ ಬಾಯಿಗೆ ಚಹಾ ಸೋಸುವ ಜರಡಿಯಂಥ ಒಂದು ಸಣ್ಣ ಜಾಲರಿ ಇದೆ. ಕರಿ ಅದನ್ನು ಸ್ವಲ್ಪ ಸ್ವಲ್ಪವಾಗಿ ಮುಚ್ಚುತ್ತ ಬರುತ್ತದೆ. ಆಯಿಲ್ ಸಾಲದೆ ಮೊದಲು ನರಳುವುದು ಟರ್ಬೊ, ಆಮೇಲೆ ಕ್ರ್ಯಾಂಕಿನ ಬೇರಿಂಗುಗಳು. ಡ್ಯಾಶ್‌ಬೋರ್ಡಿನಲ್ಲಿ ಆಯಿಲ್ ದೀಪ ಹತ್ತುವ ಹೊತ್ತಿಗೆ ಒಳಗೆ ಆಗಬೇಕಾದ ಹಾನಿ ಬಹುಮಟ್ಟಿಗೆ ಆಗಿಹೋಗಿರುತ್ತದೆ. ಆಸ್ಟ್ರೇಲಿಯಾದ ಪ್ರಾಡೊ, ಹೈಲಕ್ಸ್ ಮಾಲೀಕರು ಇದೇ ಕಾರಣಕ್ಕೆ ಎಂಜಿನ್ ಕಳೆದುಕೊಂಡು, ಸಂಪ್ ಬಿಚ್ಚಿ ಜಾಲರಿ ನೋಡುವುದನ್ನು ಸರ್ವಿಸಿನ ಭಾಗವಾಗಿಯೇ ಮಾಡಿಕೊಂಡರು.

ನಾಲ್ಕು ವಾಷರ್, ಅದರ ಜೊತೆಗಿನ ಸೀಲ್ ಮತ್ತು ಕೂಲಿ ಎಲ್ಲ ಸೇರಿ ಎಂಟರಿಂದ ಹನ್ನೆರಡು ಸಾವಿರದಲ್ಲಿ ಮುಗಿಯುವ ಕೆಲಸ ಇದು. ಲಕ್ಷ ಕಿ.ಮೀ.ಗೊಮ್ಮೆಯಾದರೂ ಮಾಡಿಸಿದರೆ ಸಾಕು. ಮಾಡಿಸದೇ ಬಿಟ್ಟು ಬೇರಿಂಗ್ ಹಿಡಿದುಕೊಂಡರೆ ಎಂಜಿನ್ ಇಳಿಸಬೇಕು. ಕ್ರ್ಯಾಂಕ್ ಗ್ರೈಂಡಿಂಗ್, ಬೋರ್, ಪಿಸ್ಟನ್, ರಿಂಗ್ ಸೆಟ್, ಹೆಡ್ ಕೆಲಸ ಎಲ್ಲ ಸೇರಿ ಹೊರಗಿನ ಗ್ಯಾರೇಜಿನಲ್ಲೇ ಎರಡೂವರೆಯಿಂದ ನಾಲ್ಕು ಲಕ್ಷಕ್ಕೆ ಸಿದ್ಧವಾಗಿರಬೇಕು. ಗಾಡಿಯ ಬೆಲೆಯ ಮೂರನೇ ಒಂದು ಭಾಗ ಅಲ್ಲೇ ಹೋಯಿತು.

ಕಾಣದ ಬೆಲ್ಟು

ಇದೇ ಎಂಜಿನ್ನಿನ ಎರಡನೇ ಕೀಲಕ ಟೈಮಿಂಗ್ ಬೆಲ್ಟ್. ಪಿಸ್ಟನ್ ತುದಿಗೆ ಬಂದಾಗ ವಾಲ್ವ್ ಅದರ ದಾರಿಗೆ ಅಡ್ಡ ಇರಬಾರದು. ಆ ಹೊಂದಾಣಿಕೆಯನ್ನು ಕಾಯುವುದು ಈ ರಬ್ಬರ್ ಪಟ್ಟಿ. ಓಡುತ್ತಿರುವಾಗ ಅದು ಹರಿದರೆ ತೆರೆದ ವಾಲ್ವಿಗೆ ಪಿಸ್ಟನ್ ಬಂದು ಗುದ್ದುತ್ತದೆ. ವಾಲ್ವ್ ಬಾಗುತ್ತದೆ, ರಾಕರ್ ಮುರಿಯುತ್ತದೆ, ಕೆಲವೊಮ್ಮೆ ಪಿಸ್ಟನ್ ತಲೆಯೂ ಒಡೆಯುತ್ತದೆ. ಹೆಡ್ ಬಿಚ್ಚದೆ ದಾರಿಯಿಲ್ಲ. ಒಂದರಿಂದ ಎರಡು ಲಕ್ಷದ ಬಾಬತ್ತು.

ಬೆಲ್ಟನ್ನು ಒಂದರಿಂದ ಒಂದೂವರೆ ಲಕ್ಷ ಕಿ.ಮೀ.ಗಳ ನಡುವೆ ಬದಲಿಸುವುದು ವಾಡಿಕೆ. ಕಡಿಮೆ ಓಡಿದ ಗಾಡಿಯಾದರೂ ರಬ್ಬರಿಗೆ ವಯಸ್ಸಾಗುತ್ತದೆ, ಹಾಗಾಗಿ ಹತ್ತು ವರ್ಷ ಹಳೆಯ ಬೆಲ್ಟಿಗೆ ಕಿಲೋಮೀಟರಿನ ಲೆಕ್ಕ ಹಿಡಿಯಬಾರದು. ಬೆಲ್ಟ್, ಐಡ್ಲರ್, ಟೆನ್ಷನರ್ ಸೇರಿ ಹತ್ತರಿಂದ ಹದಿನೆಂಟು ಸಾವಿರ ಬೀಳುತ್ತದೆ. ಹೊತ್ತು ಬಂದಾಗ ನೆನಪಿಸಲು ಡ್ಯಾಶ್‌ಬೋರ್ಡಿನಲ್ಲಿ ‘ಟಿ-ಬೆಲ್ಟ್’ ಎಂಬ ದೀಪವೇ ಇದೆ. ಆದರೆ ಬೆಲ್ಟ್ ಬದಲಿಸದೆಯೂ ದೀಪವನ್ನು ಆರಿಸಿಬಿಡಬಹುದು. ಮಾರಾಟಕ್ಕೆ ನಿಂತ ಗಾಡಿಯಲ್ಲಿ ದೀಪ ಹತ್ತಿಲ್ಲ ಎಂದ ಮಾತ್ರಕ್ಕೆ ನೆಮ್ಮದಿಪಡಬೇಕಿಲ್ಲ. ಬೆಲ್ಟ್ ಹಾಕಿದ ಬಿಲ್ಲು ತೋರಿಸದಿದ್ದರೆ ಹಾಕಿಲ್ಲವೆಂದೇ ತಿಳಿದು, ಕೊಂಡ ವಾರದಲ್ಲೇ ಹಾಕಿಸುವುದು ಲೇಸು.

2016ರ ನವೆಂಬರಿನಲ್ಲಿ ಬಂದ ಎರಡನೇ ತಲೆಮಾರಿನ ಫಾರ್ಚೂನರ್‌ನ ಡೀಸೆಲ್ ಎಂಜಿನ್ನಿಗೆ ಬೆಲ್ಟಿನ ಬದಲು ಚೈನ್ ಇದೆ. ಮಹೀಂದ್ರಾದ ಎಂಹಾಕ್ ಎಂಜಿನ್ನೂ ಚೈನ್‌ನದೇ. ಅದೇ ಮಿತ್ಸುಬಿಷಿ ಪಜೆರೊ ಸ್ಪೋರ್ಟ್‌ನ 2.5 ಲೀಟರ್ 4ಡಿ56 ಎಂಜಿನ್ನಿನಲ್ಲಿ ಟೈಮಿಂಗ್ ಬೆಲ್ಟ್ ಜೊತೆ ಬ್ಯಾಲೆನ್ಸ್ ಶಾಫ್ಟಿನ ಇನ್ನೊಂದು ಬೆಲ್ಟೂ ಇದೆ. ಸಣ್ಣದು ಹರಿದು ದೊಡ್ಡದರ ಹಲ್ಲಿಗೆ ಸಿಕ್ಕಿಕೊಂಡರೆ ಎರಡೂ ಹೋದಂತೆ. ಯಾವ ಗಾಡಿ ನೋಡಲು ಹೊರಟರೂ ಬೆಲ್ಟೋ ಚೈನೋ ಎಂಬುದನ್ನು ಮೊದಲೇ ತಿಳಿದುಕೊಂಡು ಹೋಗಬೇಕು.

ಡೀಸೆಲಿನ ದಾರಿ

ಕಾಮನ್ ರೈಲ್ ಡೀಸೆಲ್ ಎಂಜಿನ್ನಿನಲ್ಲಿ ಇಂಧನ ಸಾವಿರ ಬಾರ್‌ಗೂ ಮೀರಿದ ಒತ್ತಡದಲ್ಲಿ ಚಿಮ್ಮುತ್ತದೆ. ಕಾರಿನ ಟೈರಿನಲ್ಲಿರುವ ಗಾಳಿಯ ಒತ್ತಡ ಸುಮಾರು ಎರಡು ಬಾರ್ ಎಂದರೆ ಅಂತರ ಅರ್ಥವಾದೀತು. ಇಂಜೆಕ್ಟರ್ ಒಳಗಿನ ಸಂದುಗಳು ಮೈಕ್ರಾನ್ ಲೆಕ್ಕದವು. ಅಷ್ಟು ನಾಜೂಕಿನ ಜಾಗಕ್ಕೆ ನೀರಿನ ಹನಿ ಅಥವಾ ಕಸದ ಕಣ ಹೋದರೆ ಲೋಹವೇ ಕೊರೆದುಹೋಗುತ್ತದೆ.

ಇದನ್ನು ತಡೆಯಲೆಂದು ಇರುವುದು ಒಂದೆರಡು ಸಾವಿರದ ಡೀಸೆಲ್ ಫಿಲ್ಟರ್. ತಳದಲ್ಲಿ ನೀರು ಸೇರಿದರೆ ಎಚ್ಚರಿಸುವ ದೀಪವೂ ಇದೆ. ಕ್ಯಾನಿನಲ್ಲಿ ತಂದಿಟ್ಟ ಡೀಸೆಲ್ ಸುರಿಯುವ ತೋಟದ ಗಾಡಿಗಳಿಗೆ, ಕಡಿಮೆ ವಹಿವಾಟಿನ ಬಂಕುಗಳನ್ನೇ ನಂಬಿದ ಗಾಡಿಗಳಿಗೆ ಕೈಪಿಡಿ ಹೇಳುವುದಕ್ಕಿಂತ ಮೊದಲೇ ಫಿಲ್ಟರ್ ಬದಲಿಸಬೇಕು. ಹಣ ಉಳಿಸಲು ಡೂಪ್ಲಿಕೇಟ್ ಫಿಲ್ಟರ್ ಹಾಕಿದರೆ ಅದರ ಕಾಗದವೇ ಕರಗಿ ಮುಂದಕ್ಕೆ ಹೋಗುವ ಅಪಾಯವಿದೆ.

ಬೆಳಗಿನ ತಣ್ಣನೆಯ ಸ್ಟಾರ್ಟಿಗೆ ಕಟಕಟ ಸದ್ದು, ಬಿಳಿ ಹೊಗೆ, ಐಡ್ಲಿಂಗಿನಲ್ಲಿ ಮೈನಡುಕ, ಇಳಿದ ಮೈಲೇಜು ಇವೆಲ್ಲ ಇಂಜೆಕ್ಟರ್ ದಣಿದದ್ದರ ಗುರುತು. ಸೋರುವ ಇಂಜೆಕ್ಟರ್ ಹೆಚ್ಚು ಡೀಸೆಲ್ ಸುರಿದರೆ ಪಿಸ್ಟನ್ ಅತಿಯಾಗಿ ಕಾಯ್ದು ಬಿರುಕು ಬಿಡುತ್ತದೆ. 1ಕೆಡಿ ಎಂಜಿನ್ನಿನ ವಿಚಾರದಲ್ಲಿ ಇದು ಹಲವು ದೇಶಗಳಲ್ಲಿ ಕಂಡ ದೂರು. ಹೊಸ ಇಂಜೆಕ್ಟರ್ ಒಂದಕ್ಕೆ ಇಪ್ಪತ್ತೈದರಿಂದ ಮೂವತ್ತೈದು ಸಾವಿರದವರೆಗೆ ಹೇಳುತ್ತಾರೆ, ಬೇಕಾಗುವುದು ನಾಲ್ಕು. ಪ್ರತಿಯೊಂದಕ್ಕೂ ತನ್ನದೇ ಕೋಡ್ ಇದ್ದು ಕಂಪ್ಯೂಟರಿಗೆ ಊಡಬೇಕಾಗುತ್ತದೆ, ಹಾಗಾಗಿ ಸ್ಪ್ಯಾನರ್ ಒಂದನ್ನೇ ನಂಬಿದ ಗ್ಯಾರೇಜಿನಲ್ಲಿ ಈ ಕೆಲಸ ಪೂರ್ತಿಯಾಗದು.

ಎಲ್ಲ ನಡುಕಕ್ಕೂ ಇಂಜೆಕ್ಟರೇ ಕಾರಣವೆಂದು ತೀರ್ಮಾನಿಸುವುದೂ ತಪ್ಪು. ಪಂಪಿಗೆ ಎಷ್ಟು ಡೀಸೆಲ್ ಹೋಗಬೇಕೆಂದು ನಿಯಂತ್ರಿಸುವ ಸಕ್ಷನ್ ಕಂಟ್ರೋಲ್ ವಾಲ್ವ್ ಹಿಡಿದುಕೊಂಡರೂ ಎಂಜಿನ್ ಏರಿಳಿಯುತ್ತದೆ, ಸಿಗ್ನಲ್ಲಿನಲ್ಲಿ ನಿಂತಾಗ ಆರಿಹೋಗುತ್ತದೆ. ಅದರ ಬೆಲೆ ಹತ್ತು ಸಾವಿರದ ಅತ್ತಿತ್ತ. ಸ್ಕ್ಯಾನರ್ ಹಾಕಿ ರೈಲ್ ಒತ್ತಡ ನೋಡದೆ, ರಿಟರ್ನ್ ಡೀಸೆಲ್ ಅಳೆಯದೆ ನಾಲ್ಕೂ ಇಂಜೆಕ್ಟರ್ ಬದಲಿಸಿ ಎನ್ನುವ ಮೆಕ್ಯಾನಿಕ್ ಬಳಿ ಎರಡನೇ ಅಭಿಪ್ರಾಯಕ್ಕಾಗಿ ಒಂದು ದಿನ ಸಮಯ ಕೇಳುವುದು ಒಳ್ಳೆಯದು.

ಈ ವಿಷಯದಲ್ಲಿ ಬೆಂಗಳೂರಿನವರಿಗೆ ಒಂದು ಅನುಕೂಲವಿದೆ. 1951ರಲ್ಲಿ ಶುರುವಾದ ಮೈಕೋ, ಅಂದರೆ ಇಂದಿನ ಬಾಷ್, ಆಡುಗೋಡಿಯಲ್ಲಿ ದಶಕಗಳ ಕಾಲ ಡೀಸೆಲ್ ಪಂಪು, ನಾಝಲ್‌ಗಳನ್ನು ತಯಾರಿಸಿತು. ಆ ಕಾರ್ಖಾನೆಯ ನೆರಳಲ್ಲಿ ಪಂಪು-ನಾಝಲ್ ರಿಪೇರಿಯ ಒಂದು ಕಸುಬೇ ಬೆಳೆಯಿತು. ಸ್ಕಾರ್ಪಿಯೊ, ಸಫಾರಿಗಳ ಬಾಷ್ ಇಂಜೆಕ್ಟರುಗಳಿಗೂ ಫಾರ್ಚೂನರ್‌ನ ಡೆನ್ಸೊ ಇಂಜೆಕ್ಟರುಗಳಿಗೂ ಟೆಸ್ಟ್ ಬೆಂಚ್ ಇಟ್ಟುಕೊಂಡ ಅಂಗಡಿಗಳು ನಗರದಲ್ಲಿವೆ. ಇಂಜೆಕ್ಟರನ್ನು ಬಿಚ್ಚಿಸಿ ಪರೀಕ್ಷೆಗೆ ಒಯ್ದರೆ ನಾಲ್ಕರಲ್ಲಿ ನಿಜವಾಗಿ ಕೆಟ್ಟಿರುವುದು ಯಾವುದೆಂದು ಕೆಲವೇ ಸಾವಿರದಲ್ಲಿ ತಿಳಿಯುತ್ತದೆ.

ಘಟ್ಟ ಹತ್ತುವ ಬಿಸಿ

ಶಿರಾಡಿ, ಚಾರ್ಮಾಡಿ, ಆಗುಂಬೆಯಂಥ ಘಟ್ಟಗಳನ್ನು ಏಳು ಜನರ ಭಾರ ಹೊತ್ತು, ಏಸಿ ಹಾಕಿಕೊಂಡು ಹತ್ತುವಾಗ ಎಂಜಿನ್ನಿನ ತಂಪು ವ್ಯವಸ್ಥೆಯ ನಿಜವಾದ ಪರೀಕ್ಷೆ ನಡೆಯುತ್ತದೆ. ಊರೊಳಗೆ ಸುಮ್ಮನಿದ್ದ ಕುಂದುಗಳೆಲ್ಲ ಅಲ್ಲಿ ಹೊರಬೀಳುತ್ತವೆ.

ಈ ವ್ಯವಸ್ಥೆ ಹಾಳಾಗಲು ಕಾರಣ ಬಹುತೇಕ ಒಂದೇ: ಕೂಲೆಂಟ್ ಕಡಿಮೆಯಾದಾಗ ನಲ್ಲಿ ನೀರು ಸುರಿದದ್ದು. ನಮ್ಮ ಬೋರ್‌ವೆಲ್ ನೀರಿನ ಗಡಸುತನ ರೇಡಿಯೇಟರಿನ ಸಣ್ಣ ನಾಳಗಳಲ್ಲಿ ಸುಣ್ಣ ಕಟ್ಟುತ್ತದೆ, ತುಕ್ಕು ಹಿಡಿಸುತ್ತದೆ. ವಾಟರ್ ಪಂಪ್, ಥರ್ಮೋಸ್ಟ್ಯಾಟ್, ಹೋಸ್ ಪೈಪ್ ಯಾವುದು ಕೈಕೊಟ್ಟರೂ ಬಿಸಿ ಏರುತ್ತದೆ. ಈ ಎಂಜಿನ್ನಿನ ಬ್ಲಾಕ್ ಎರಕದ ಕಬ್ಬಿಣದ್ದು, ಹೆಡ್ ಅಲ್ಯೂಮಿನಿಯಂನದು. ಕಾಯ್ದಾಗ ಎರಡೂ ಹಿಗ್ಗುವ ಪ್ರಮಾಣ ಬೇರೆ ಬೇರೆ. ಮುಳ್ಳು ಕೆಂಪಿಗೆ ಹೋದ ಮೇಲೂ ಹತ್ತು ನಿಮಿಷ ಓಡಿಸಿದರೆ ಹೆಡ್ ಬಾಗಿ ಗ್ಯಾಸ್ಕೆಟ್ ಒಡೆಯುತ್ತದೆ. ಮೂರು ಸಾವಿರದ ಕೂಲೆಂಟ್, ಒಂದೆರಡು ಸಾವಿರದ ಹೋಸ್ ಉಳಿಸಿದ್ದಕ್ಕೆ ಹೆಡ್ ಫೇಸಿಂಗ್, ಗ್ಯಾಸ್ಕೆಟ್, ಕೂಲಿ ಎಂದು ಐವತ್ತು ಸಾವಿರದಿಂದ ಲಕ್ಷದವರೆಗೆ ತೆರಬೇಕು. ಹೆಡ್ ಬಿರುಕು ಬಿಟ್ಟಿದ್ದರೆ ಇನ್ನೂ ಹೆಚ್ಚು.

ಅನೇಕ ಆಟೊಮ್ಯಾಟಿಕ್ ಗಾಡಿಗಳಲ್ಲಿ ಗೇರ್‌ಬಾಕ್ಸಿನ ಆಯಿಲ್ ತಣಿಯುವುದೂ ಇದೇ ರೇಡಿಯೇಟರಿನ ಒಳಗೆ. ಅಲ್ಲಿನ ಗೋಡೆ ತೂತಾದರೆ ನೀರು ಮತ್ತು ಆಯಿಲ್ ಬೆರೆಯುತ್ತವೆ, ಗೇರ್‌ಬಾಕ್ಸಿನ ಕ್ಲಚ್ ಪ್ಲೇಟುಗಳು ಹಾಳಾಗುತ್ತವೆ. ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ರಿಪೇರಿ ಎಂದರೆ ಲಕ್ಷದ ಮೇಲಿನ ಮಾತು. ಹಳೆಯ ಆಟೊಮ್ಯಾಟಿಕ್ ಕೊಳ್ಳುವವರು ಆಯಿಲ್ ಕಡ್ಡಿ ಇದ್ದರೆ ಎಳೆದು ಬಣ್ಣ, ವಾಸನೆ ನೋಡಬೇಕು. ಕೆಂಪಾಗಿದ್ದರೆ ಸರಿ. ಕಪ್ಪಾಗಿ ಸುಟ್ಟ ವಾಸನೆ ಬಂದರೆ, ಹಾಲು ಬೆರೆತಂತೆ ಕಂಡರೆ ಅಲ್ಲಿಗೇ ಕೈಮುಗಿದು ಹೊರಡುವುದು ಸರಿ.

ಟರ್ಬೊ ಮತ್ತು ಹೊಗೆ

ಟರ್ಬೊ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ಯಂತ್ರ. ಅದರ ಬೇರಿಂಗಿಗೆ ಜೀವ ಕೊಡುವುದು ಎಂಜಿನ್ ಆಯಿಲಿನ ತೆಳು ಪದರ. ಆಯಿಲ್ ಬದಲಾವಣೆ ತಡವಾದರೆ, ಮೇಲೆ ಹೇಳಿದ ಜಾಲರಿ ಕಟ್ಟಿದರೆ, ಏರ್ ಫಿಲ್ಟರ್ ಹರಿದು ದೂಳು ನುಗ್ಗಿದರೆ ಅದು ಉಳಿಯುವುದಿಲ್ಲ. ರಾಯಚೂರು, ಕಲಬುರಗಿಯ ಕಡೆ ಮಣ್ಣು ದಾರಿಯಲ್ಲಿ ದುಡಿದ ಗಾಡಿಯಾದರೆ ಏರ್ ಫಿಲ್ಟರ್ ಡಬ್ಬ ತೆರೆದು ಒಳಗೋಡೆಗೆ ಬೆರಳು ಸವರಿ ನೋಡಬೇಕು. ಫಿಲ್ಟರ್ ದಾಟಿದ ಮೇಲಿನ ಕೊಳವೆಯಲ್ಲೂ ದೂಳಿದ್ದರೆ ಎಂಜಿನ್ ಮಣ್ಣು ತಿಂದಿದೆ ಎಂದರ್ಥ.

ಹೊಸ ಟರ್ಬೊಗೆ ಎಪ್ಪತ್ತು ಸಾವಿರದಿಂದ ಲಕ್ಷ ಮೀರಿ ಆಗುತ್ತದೆ. ಒಳಗಿನ ಕೋರ್ ಮಾತ್ರ ಬದಲಿಸಿ ಇಪ್ಪತ್ತೈದರಿಂದ ನಲವತ್ತು ಸಾವಿರದಲ್ಲಿ ಮುಗಿಸುವವರೂ ಇದ್ದಾರೆ. ಕೆಲಸಗಾರ ಪಳಗಿದವನಾದರೆ ಅದೂ ಬಾಳುತ್ತದೆ. ಪಿಕಪ್ ಇಲ್ಲ, ಕಪ್ಪು ಹೊಗೆ ಬರುತ್ತಿದೆ ಎಂದ ಕೂಡಲೇ ಟರ್ಬೊ ಬಿಚ್ಚುವ ಮುನ್ನ ಇಂಟರ್‌ಕೂಲರಿನ ರಬ್ಬರ್ ಹೋಸ್ ಬಿರಿದಿದೆಯೇ ಎಂದು ನೋಡಬೇಕು. ಹೊಗೆಯ ಒಂದಂಶವನ್ನು ಮತ್ತೆ ಎಂಜಿನ್ನಿಗೆ ಕಳಿಸುವ ಇಜಿಆರ್ ವಾಲ್ವ್ ಮತ್ತು ಇಂಟೇಕ್ ಮ್ಯಾನಿಫೋಲ್ಡ್ ಕರಿ ಕಟ್ಟಿ ಅರ್ಧ ಮುಚ್ಚಿರುವುದೂ ಎರಡು ಲಕ್ಷ ಕಿ.ಮೀ. ದಾಟಿದ ಡೀಸೆಲ್ ಗಾಡಿಗಳಲ್ಲಿ ಸಾಮಾನ್ಯ. ಅದನ್ನು ಬಿಚ್ಚಿ ತೊಳೆಯಲು ಐದಾರು ಸಾವಿರ ಸಾಕು.

ನೆಲಕ್ಕೆ ತಾಗುವ ಭಾಗಗಳು

ಫಾರ್ಚೂನರ್, ಸ್ಕಾರ್ಪಿಯೊ, ಹಳೆಯ ಸಫಾರಿ, ಎಂಡೆವರ್ ಇವೆಲ್ಲ ಚಾಸಿಯ ಮೇಲೆ ಬಾಡಿ ಕೂರಿಸಿದ ಗಾಡಿಗಳು. ಲಾರಿಯ ಕಟ್ಟುಮಸ್ತು ಅವಕ್ಕಿದೆ, ಹಾಗೆಯೇ ಲಾರಿಯ ತೂಕವೂ ಇದೆ. ಆ ತೂಕದ ಬೆಲೆ ತೆರುವುದು ಬುಷ್, ಬಾಲ್ ಜಾಯಿಂಟ್, ಶಾಕ್ ಅಬ್ಸಾರ್ಬರ್, ಬ್ರೇಕ್ ಪ್ಯಾಡ್.

ಹೇಳದೆ ಕೇಳದೆ ಎದುರಾಗುವ ಹಂಪುಗಳನ್ನು ದೊಡ್ಡ ಗಾಡಿ ಎಂಬ ಧೈರ್ಯದಲ್ಲಿ ಹಾರಿಸಿದ್ದರ ಫಲ ಲೋಯರ್ ಆರ್ಮ್ ಬುಷ್‌ಗಳಲ್ಲಿ ಕಾಣುತ್ತದೆ. ಗುಂಡಿಗೆ ಬಿದ್ದಾಗ ಮುಂದಿನ ಚಕ್ರದ ಕಡೆಯಿಂದ ಟಕ್ ಎಂಬ ಸದ್ದು ಬಂದರೆ ಬುಷ್, ಬಾಲ್ ಜಾಯಿಂಟ್, ಲಿಂಕ್ ರಾಡ್ ಪರೀಕ್ಷಿಸಬೇಕು. ಇವುಗಳ ಜೊತೆ ನಾಲ್ಕೂ ಶಾಕ್ ಬದಲಿಸುವುದಾದರೆ ಮೂವತ್ತೈದರಿಂದ ಅರವತ್ತು ಸಾವಿರ. ಮುಂದೂಡಿದರೆ ಟೈರುಗಳು ಒಂದೇ ಬದಿ ಸವೆದು ಎಪ್ಪತ್ತು ಸಾವಿರದ ಇನ್ನೊಂದು ಬಿಲ್ಲು ತರುತ್ತವೆ. ಮೊದಲ ತಲೆಮಾರಿನ ಫಾರ್ಚೂನರ್‌ಗೆ ಹಿಂದೆ ಡ್ರಮ್ ಬ್ರೇಕ್ ಇದೆ. ಅದರ ತೂಕಕ್ಕೆ ಬ್ರೇಕ್ ಸಾಲದೆಂಬ ದೂರು ಹೊಸದರಲ್ಲೂ ಇತ್ತು. ಹಳೆಯದರಲ್ಲಿ ಪ್ಯಾಡ್, ಡಿಸ್ಕ್, ಬ್ರೇಕ್ ಆಯಿಲ್ ಮೂರರಲ್ಲೂ ಜುಗ್ಗತನ ಸಲ್ಲದು.

ಈ ತಲೆಮಾರಿನ ನಾಲ್ಕು ಚಕ್ರ ಚಾಲನೆಯ ಫಾರ್ಚೂನರ್‌ನಲ್ಲಿ ಬಲ ಯಾವಾಗಲೂ ನಾಲ್ಕೂ ಚಕ್ರಕ್ಕೆ ಹರಿಯುತ್ತಿರುತ್ತದೆ. ಮುಂದೆ ಎರಡು ಹೊಸ ಟೈರು, ಹಿಂದೆ ಎರಡು ಬೋಳು ಟೈರು ಹಾಕಿದರೆ ಸುತ್ತಳತೆಯ ವ್ಯತ್ಯಾಸವನ್ನು ನಡುವಿನ ಡಿಫರೆನ್ಷಿಯಲ್ ಹಗಲಿರುಳು ಸಂಭಾಳಿಸಬೇಕಾಗುತ್ತದೆ. ಆಕ್ಸಲ್ಲಿನ ರಬ್ಬರ್ ಬೂಟ್ ಹರಿದರೆ ಗ್ರೀಸ್ ಹಾರಿ ಮಣ್ಣು ಸೇರುತ್ತದೆ. ಆ ಬೂಟಿಗೆ ಎರಡು ಸಾವಿರದೊಳಗೆ ಖರ್ಚು, ಅದು ಕಾಯುವ ಆಕ್ಸಲ್ಲಿಗೆ ಹದಿನೈದು ಇಪ್ಪತ್ತು ಸಾವಿರ. ಮಳೆಗಾಲದಲ್ಲಿ ಹೊಳೆ ದಾಟಿದ ಗಾಡಿಯಾದರೆ ಡಿಫರೆನ್ಷಿಯಲ್ ಆಯಿಲನ್ನೂ ಒಮ್ಮೆ ಇಳಿಸಿ ನೋಡಬೇಕು. ನೀರು ಸೇರಿದ್ದರೆ ಅದು ಬೆಳ್ಳಗಾಗಿರುತ್ತದೆ.

ಮಂಗಳೂರು, ಉಡುಪಿ, ಕಾರವಾರದ ಗಾಡಿಗಳಿಗೆ ತುಕ್ಕಿನ ಕಾಟ ಬೇರೆ. ಮೇಲಿನ ಬಣ್ಣ ಹೊಳೆಯುತ್ತಿದ್ದರೂ ಉಪ್ಪುಗಾಳಿ ಚಾಸಿಯ ಒಳಮೈಯನ್ನು ತಿಂದಿರಬಹುದು. ಜ್ಯಾಕ್ ಮೇಲೆ ಎತ್ತಿ, ಹಿಂದಿನ ಚಕ್ರದ ಬಳಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಗಟ್ಟಿ ಲೋಹ ಖಣ್ ಎನ್ನುತ್ತದೆ, ತುಕ್ಕು ಮಂಕಾಗಿ ಸದ್ದು ಮಾಡುತ್ತದೆ. ಎಂಜಿನ್ ಬದಲಿಸಬಹುದು, ಕೊಳೆತ ಚಾಸಿಗೆ ಮದ್ದಿಲ್ಲ.

ತಿಂಗಳುಗಟ್ಟಲೆ ನಿಂತ ಗಾಡಿಗೆ ಇಲಿಯೇ ದೊಡ್ಡ ಶತ್ರು. ವೈರಿಂಗ್ ಕಡಿದರೆ ಎಬಿಎಸ್ ದೀಪದಿಂದ ಹಿಡಿದು ಸ್ಟಾರ್ಟ್ ಆಗದಿರುವವರೆಗೆ ನೂರೆಂಟು ತೊಂದರೆ. ಬಾನೆಟ್ ತೆರೆದಾಗ ಟೇಪು ಸುತ್ತಿದ ವೈರುಗಳು ಕಂಡರೆ ಯಾಕೆಂದು ಕೇಳಬೇಕು.

ಕಂಪನಿಯೇ ಹೊರಟುಹೋದರೆ?

ಫಾರ್ಚೂನರ್‌ನ ಬಿಡಿಭಾಗ ದುಬಾರಿಯಾದರೂ ಸಿಗುತ್ತದೆ. ಇನ್ನೊವಾ, ಹೈಲಕ್ಸ್, ಫಾರ್ಚೂನರ್ ಮೂರೂ ಟೊಯೊಟಾದ ಒಂದೇ ಐಎಂವಿ ಬುನಾದಿಯ ಮೇಲೆ ಹುಟ್ಟಿದವು. ಇನ್ನೊವಾ ಬಿಚ್ಚಿ ಜೋಡಿಸಿ ಪಳಗಿದ ಕೈಗಳು ತಾಲೂಕು ಕೇಂದ್ರಗಳಲ್ಲೂ ಇವೆ. ಸ್ಕಾರ್ಪಿಯೊ, ಸಫಾರಿಗಳ ಭಾಗಗಳು ಇನ್ನೂ ಅಗ್ಗ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಕಂಪನಿ ಮಾಲು, ಬೇರೆ ಬ್ರ್ಯಾಂಡಿನ ಮಾಲು ಎರಡೂ ಸಿಗುತ್ತವೆ. ಬಾಗಿಲು, ದೀಪ, ಕನ್ನಡಿಯಂಥವಕ್ಕೆ ಶಿವಾಜಿನಗರದ ಗುಜರಿಯೂ ಉಂಟು.

ಇದೇ ಮಾತನ್ನು ಎಲ್ಲ ದೊಡ್ಡ ಗಾಡಿಗಳಿಗೆ ಹೇಳಲಾಗದು. ಜನರಲ್ ಮೋಟರ್ಸ್ 2017ರ ಕೊನೆಗೆ ಭಾರತದಲ್ಲಿ ಷೆವರ್ಲೆ ಮಾರಾಟ ನಿಲ್ಲಿಸಿತು, ಕ್ಯಾಪ್ಟಿವಾ ಕೊಂಡವರು ಅತಂತ್ರರಾದರು. ಫೋರ್ಡ್ 2021ರ ಸೆಪ್ಟೆಂಬರಿನಲ್ಲಿ ಇಲ್ಲಿನ ಕಾರು ತಯಾರಿಕೆ ನಿಲ್ಲಿಸುವುದಾಗಿ ಸಾರಿತು. ಅದರ ಎಂಡೆವರ್ ಓಡಿಸಲು ಫಾರ್ಚೂನರ್‌ಗಿಂತ ಹಿತ ಎನ್ನುವವರಿದ್ದಾರೆ, ಸೆಕೆಂಡ್ ಹ್ಯಾಂಡ್ ಬೆಲೆಯೂ ಕಡಿಮೆ. ಆ ಕಡಿಮೆ ಬೆಲೆಯಲ್ಲಿ ಬಿಡಿಭಾಗಕ್ಕಾಗಿ ಕಾಯುವ ವಾರಗಳೂ ಸೇರಿವೆ ಎಂಬುದು ನೆನಪಿರಲಿ. ಪಜೆರೊ ಸ್ಪೋರ್ಟ್‌ನದೂ ಇದೇ ಕತೆ.

ಕಾಗದದ ಖರ್ಚು

ಖಾಸಗಿ ವಾಹನದ ನೋಂದಣಿ ಹದಿನೈದು ವರ್ಷಕ್ಕೆ. ಆಮೇಲೆ ಆರ್‌ಟಿಒದಲ್ಲಿ ಪರೀಕ್ಷೆಗೆ ಒಡ್ಡಿ ಐದೈದು ವರ್ಷಕ್ಕೆ ನವೀಕರಿಸಬೇಕು. 2009ರ ಫಾರ್ಚೂನರ್‌ಗಳು 2024ರಲ್ಲೇ ಈ ಗಡಿ ದಾಟಿದವು. 1,500 ಸಿಸಿ ಮೀರಿದ ಕಾರಿನ ಥರ್ಡ್ ಪಾರ್ಟಿ ವಿಮೆಗೆ 2022ರ ದರಪಟ್ಟಿಯಂತೆ ವರ್ಷಕ್ಕೆ 7,897 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಭಾಗಗಳ ಸವಕಳಿ ಕಳೆಯದೆ ಪೂರ್ತಿ ಕೊಡುವ ಝೀರೋ ಡೆಪ್ ವಿಮೆ ಇಷ್ಟು ಹಳೆಯ ಗಾಡಿಗೆ ಸಾಮಾನ್ಯವಾಗಿ ಸಿಗುವುದಿಲ್ಲ. ಅಪಘಾತವಾದರೆ ಬಿಲ್ಲಿನ ದೊಡ್ಡ ಪಾಲು ಮಾಲೀಕರದೇ.

ದೆಹಲಿ ಸುತ್ತಮುತ್ತ ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳ ಮೇಲೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ನಿರ್ಬಂಧ ಹೇರಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಲ್ಲಿಂದ ಅಗ್ಗದ ಎಸ್‌ಯುವಿಗಳು ಬೇರೆ ರಾಜ್ಯಗಳತ್ತ ಹೊರಟದ್ದು ಆಗಲೇ. ಅಂಥ ಗಾಡಿ ತರುವವರು ಎನ್‌ಒಸಿ ಇದೆಯೇ ಎಂದು ಖಚಿತಪಡಿಸಿಕೊಂಡು, ಕರ್ನಾಟಕದ ಜೀವಾವಧಿ ತೆರಿಗೆಯನ್ನೂ ಲೆಕ್ಕಕ್ಕೆ ಸೇರಿಸಬೇಕು. ಗಾಡಿಯ ವಯಸ್ಸಿಗೆ ತಕ್ಕಂತೆ ಅದು ಇಳಿಯುತ್ತದಾದರೂ ಹೊಸದಕ್ಕೆ ಶೇಕಡ 18ರವರೆಗೆ ಹೋಗುವ ನಮ್ಮ ರಾಜ್ಯದ ದರ ಸಣ್ಣದೇನಲ್ಲ.

ಸಣ್ಣ ಖರ್ಚು, ದೊಡ್ಡ ಖರ್ಚು
(ಹೊರಗಿನ ಗ್ಯಾರೇಜುಗಳ ಅಂದಾಜು, ಊರು, ಬ್ರ್ಯಾಂಡ್ ಮತ್ತು ಸ್ಥಿತಿಗೆ ತಕ್ಕಂತೆ ಬದಲಾಗುತ್ತದೆ)

- ಇಂಜೆಕ್ಟರ್ ವಾಷರ್, ಸೀಲ್: 8-12 ಸಾವಿರ. ಬಿಟ್ಟರೆ ಎಂಜಿನ್ ಕೆಲಸ: 2.5-4 ಲಕ್ಷ
- ಟೈಮಿಂಗ್ ಬೆಲ್ಟ್ ಕಿಟ್: 10-18 ಸಾವಿರ. ಬಿಟ್ಟರೆ ಹೆಡ್, ವಾಲ್ವ್: 1-2 ಲಕ್ಷ
- ಡೀಸೆಲ್ ಫಿಲ್ಟರ್: 1-2.5 ಸಾವಿರ. ಬಿಟ್ಟರೆ ನಾಲ್ಕು ಇಂಜೆಕ್ಟರ್: 1-1.4 ಲಕ್ಷ
- ಕೂಲೆಂಟ್, ಹೋಸ್: 4-6 ಸಾವಿರ. ಬಿಟ್ಟರೆ ಹೆಡ್ ಗ್ಯಾಸ್ಕೆಟ್: 50 ಸಾವಿರ-1 ಲಕ್ಷ
- ಆಕ್ಸಲ್ ಬೂಟ್: 2 ಸಾವಿರದೊಳಗೆ. ಬಿಟ್ಟರೆ ಆಕ್ಸಲ್: 15-20 ಸಾವಿರ

ಹಾಗಾದರೆ ಕೊಳ್ಳಬಹುದೇ?

ಒಂಬತ್ತು ಲಕ್ಷಕ್ಕೆ ಸಿಕ್ಕ, ಎರಡು ಲಕ್ಷ ಕಿ.ಮೀ. ಓಡಿದ, ದೊಡ್ಡ ಕಾಯಿಲೆಯಿಲ್ಲದ ಒಂದು ಗಾಡಿಯ ಮೊದಲ ವರ್ಷದ ಲೆಕ್ಕ ಹಾಕೋಣ. ಬೆಲ್ಟ್ ಕಿಟ್ಟಿಗೆ 15 ಸಾವಿರ, ಇಂಜೆಕ್ಟರ್ ವಾಷರಿಗೆ 10, ಎಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್, ಬ್ರೇಕ್, ಕೂಲೆಂಟ್ ದ್ರವಗಳಿಗೆ 20, ಸಸ್ಪೆನ್ಷನ್ನಿಗೆ 35, ಟೈರುಗಳಿಗೆ 65, ಬ್ರೇಕಿಗೆ 15, ಏಸಿಗೆ 10, ಬ್ಯಾಟರಿಗೆ 10. ಒಟ್ಟು 1.8 ಲಕ್ಷ, ಅಂದರೆ ಗಾಡಿಯ ಬೆಲೆಯ ಐದನೇ ಒಂದು ಭಾಗ. ವರ್ಷಕ್ಕೆ 12,000 ಕಿ.ಮೀ., ಲೀಟರಿಗೆ 10 ಕಿ.ಮೀ. ಮತ್ತು ಡೀಸೆಲ್ ಲೀಟರಿಗೆ 90 ರೂಪಾಯಿ ಎಂದುಕೊಂಡರೆ ಇಂಧನಕ್ಕೆ 1.08 ಲಕ್ಷ.

ಹಳೆಯ ಎಸ್‌ಯುವಿಯ ಅಭಿಮಾನಿಗಳು ಇಲ್ಲೊಂದು ವಾದ ಮುಂದಿಡುತ್ತಾರೆ. ಹೊಸ ಫಾರ್ಚೂನರ್‌ಗೆ ನಲವತ್ತು ಲಕ್ಷ ಸಾಲ ಮಾಡಿದರೆ ಶೇಕಡ 9ರ ಬಡ್ಡಿಯಲ್ಲಿ ಏಳು ವರ್ಷ ತಿಂಗಳಿಗೆ 64 ಸಾವಿರ ಕಂತು ಕಟ್ಟಬೇಕು. ವರ್ಷಕ್ಕೆ ಏಳೂಮುಕ್ಕಾಲು ಲಕ್ಷ. ಅಷ್ಟರಲ್ಲಿ ಹಳೆಯ ಗಾಡಿಯ ಎಂಜಿನ್, ಟರ್ಬೊ, ಇಂಜೆಕ್ಟರ್ ಎಲ್ಲವನ್ನೂ ಹೊಸದು ಮಾಡಿಸಿ ಇನ್ನೂ ದುಡ್ಡು ಮಿಗುತ್ತದೆ. ಲೆಕ್ಕ ಸರಿಯೇ. ಆದರೆ ಒಂಬತ್ತು ಲಕ್ಷ ಇಟ್ಟುಕೊಂಡು ನಿಂತವರ ಎದುರಿಗಿರುವ ಆಯ್ಕೆ ನಲವತ್ತು ಲಕ್ಷದ ಗಾಡಿಯಲ್ಲ, ಒಂಬತ್ತು ಲಕ್ಷದ ಹೊಸ ಸಣ್ಣ ಕಾರು. ಅದು ವಾರಂಟಿಯೊಡನೆ ಬರುತ್ತದೆ, ಎರಡು ಪಟ್ಟು ಮೈಲೇಜು ಕೊಡುತ್ತದೆ, ಮೂರು ವರ್ಷ ಗ್ಯಾರೇಜಿನ ಚಿಂತೆ ಇಡುವುದಿಲ್ಲ. ಆ ಕಾರಿನಿಂದ ಆಗದ ಯಾವ ಕೆಲಸ ನಿಮಗೆ ಈ ಗಾಡಿಯಿಂದ ಆಗಬೇಕಿದೆ ಎಂಬುದಕ್ಕೆ ಉತ್ತರವಿದ್ದರೆ ಮುಂದುವರಿಯಬಹುದು. ತೋಟದ ಕೆಸರು ದಾರಿ, ಏಳು ಜನರ ಮನೆ, ವಾರಕ್ಕೊಮ್ಮೆ ಘಟ್ಟ ಇಂಥವು ಉತ್ತರಗಳು.

ನೋಡಲು ಹೋಗುವಾಗ ಬೆಳಿಗ್ಗೆಯೇ ಹೋಗಿ, ಗಾಡಿಯನ್ನು ಮೊದಲೇ ಸ್ಟಾರ್ಟ್ ಮಾಡಿಡಬೇಡಿ ಎಂದು ಹೇಳಿಯೇ ಹೋಗಿ. ತಣ್ಣಗಿರುವ ಎಂಜಿನ್ ಸುಳ್ಳು ಹೇಳುವುದಿಲ್ಲ. ಸ್ಟಾರ್ಟ್ ಆದ ಮೇಲೆ ಆಯಿಲ್ ಮುಚ್ಚಳ ತೆರೆದು ಹೊಗೆ ಉಗುಳುತ್ತಿದೆಯೇ, ಮುಚ್ಚಳದ ಒಳಮೈಯಲ್ಲಿ ಡಾಂಬರಿನಂಥ ಕರಿ ಇದೆಯೇ ನೋಡಿ. ಮೀಟರಿನ ಅಂಕಿಯನ್ನು ಸರ್ವಿಸ್ ಬಿಲ್ಲು, ಹಳೆಯ ವಿಮೆಯ ಕಾಗದಗಳೊಡನೆ ತಾಳೆ ಹಾಕಿ. ಸ್ಟೇರಿಂಗ್, ಪೆಡಲ್ ರಬ್ಬರ್, ಡ್ರೈವರ್ ಸೀಟು ಸವೆದು ಹೋಗಿದ್ದು ಮೀಟರ್ ಎಂಬತ್ತು ಸಾವಿರ ತೋರಿಸುತ್ತಿದ್ದರೆ ಮೀಟರ್ ತಿರುಗಿಸಿದ್ದಾರೆಂದೇ ಅರ್ಥ. ಮೂರ್ನಾಲ್ಕು ಸಾವಿರ ಕೊಟ್ಟು ಈ ಮಾದರಿ ಬಲ್ಲ ಮೆಕ್ಯಾನಿಕ್ ಒಬ್ಬರನ್ನು ಕರೆದೊಯ್ದು, ಲಿಫ್ಟ್ ಮೇಲೆ ಎತ್ತಿಸಿ, ಸ್ಕ್ಯಾನರ್ ಹಾಕಿಸಿ. ‘ಅದೆಲ್ಲ ಯಾಕೆ ಸಾರ್, ಕಂಡೀಷನ್ ಗಾಡಿ’ ಎಂದು ಮಾಲೀಕರು ತಡೆದರೆ ಬೇರೆ ಗಾಡಿ ನೋಡಿ.

ದಪ್ಪ ಫೈಲಿನಲ್ಲಿ ಬಿಲ್ಲುಗಳನ್ನು ಜೋಡಿಸಿಟ್ಟ ಮಾಲೀಕರ ಎರಡೂವರೆ ಲಕ್ಷ ಕಿ.ಮೀ.ಯ ಗಾಡಿ, ಒಂದು ಕಾಗದವೂ ಇಲ್ಲದ ಒಂದು ಲಕ್ಷ ಕಿ.ಮೀ.ಯ ಗಾಡಿಗಿಂತ ಒಂದು ಲಕ್ಷ ಹೆಚ್ಚು ಬೆಲೆ ಕೊಡಲು ಯೋಗ್ಯ. ಆ ಹಣ ನೀವು ಮಾಡಬೇಕಿದ್ದ ರಿಪೇರಿಗೆ ಮುಂಗಡವಾಗಿ ಕೊಟ್ಟದ್ದು. ಇಷ್ಟಾದ ಮೇಲೂ ಗಾಡಿಯ ಬೆಲೆಯ ಐದನೇ ಒಂದು ಭಾಗ ಬ್ಯಾಂಕಿನಲ್ಲಿ ಬೇರೆಯಾಗಿ ಇರಬೇಕು, ಗಾಡಿ ವಾರಗಟ್ಟಲೆ ಗ್ಯಾರೇಜಿನಲ್ಲಿ ನಿಂತಾಗ ಕೆಲಸಕ್ಕೆ ಹೋಗಲು ಮನೆಯಲ್ಲಿ ಇನ್ನೊಂದು ವಾಹನವೂ ಇರಬೇಕು. ಇವೆರಡೂ ಇಲ್ಲದಿದ್ದರೆ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಅದು ನಿಮ್ಮ ಗಾಡಿಯಲ್ಲ.